ತಮ್ಮನ ಹೆಸರಿನಲ್ಲಿ ಮಾಡಿದ ನೌಕರಿ

1974ರಲ್ಲಿ ನಾನು ಮಂಗಳೂರಿನ ಒಂದು ಸರಕಾರಿ ಕಚೇರಿಗೆ ಜವಾನನಾಗಿ ಸೇರಿದೆ. ತಪಾಲು ಹಂಚುವುದು ನನ್ನ ಮುಖ್ಯ ಕೆಲಸ. ಕಾಗದ ಯಾರ ಹೆಸರಿಗಿದೆಯೋ ಅವರ ಕೈಗೇ ಕೊಟ್ಟು ತಪಾಲು ಪುಸ್ತಕದಲ್ಲಿ ಸಹಿ ಹಾಕಿಸಬೇಕು. ಆ ನಿಯಮವನ್ನು ಒಂದು ದಿನವೂ ಮೀರಲಿಲ್ಲ. ಆದರೆ ನೌಕರಿಗೆ ಸೇರಿದ್ದೇ ನನ್ನದಲ್ಲದ ಹೆಸರಿನಲ್ಲಿ.

ನಾನು ಶುಕ್ರವಾರ ಹುಟ್ಟಿದವನು. ಹುಟ್ಟಿದ ವಾರದ ಹೆಸರನ್ನೇ ಇಡುವ ನಮ್ಮ ಕ್ರಮದಂತೆ ಅಜ್ಜಿ ತುಕ್ರ ಎಂದು ಕರೆದರು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತೆ. ಅಲ್ಲಿ ಯಾರು ತಪ್ಪು ಮಾಡಿದರೂ "ತುಕ್ರನದ್ದೇ ಕೆಲಸ" ಎಂದು ನಗುತ್ತಿದ್ದರು. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮನಿಗೆ ಶಾಲೆಯಲ್ಲಿ ಮಾಸ್ತರರು ಸದಾಶಿವ ಎಂದು ಹೆಸರಿಟ್ಟರು. ಅವನು ಏಳನೇ ಕ್ಲಾಸು ಪಾಸಾದ.

ಜವಾನನ ಕೆಲಸಕ್ಕೆ ಏಳನೇ ಕ್ಲಾಸಿನ ಸರ್ಟಿಫಿಕೇಟು ಬೇಕಿತ್ತು. ತಮ್ಮನದ್ದನ್ನು ಕೇಳಿದೆ.

"ನನ್ನ ಹೆಸರು ನಿನಗೆ ಕೊಟ್ಟರೆ ನನಗೆ ಎಂತ ಉಂಟು ಅಣ್ಣ?"

"ನನ್ನದು ಇಟ್ಟುಕೋ ಮಾರಾಯ. ನೀನು ಹೇಗೂ ಬೋಟಿಗೆ ಹೋಗುವವ. ಮೀನು ಹೆಸರು ಕೇಳ್ತದಾ?"

ಅವನು ನಕ್ಕು ಕಾಗದ ತೆಗೆದುಕೊಟ್ಟ. ನನಗೆ ತೊಂದರೆಯಾಗದಿರಲೆಂದು ಬೆಂಗ್ರೆಯ ಬೋಟಿಗೆ ಸೇರುವಾಗ ತನ್ನ ಹೆಸರು ತುಕ್ರ ಎಂದೇ ಹೇಳಿದ.

1979ರಲ್ಲಿ ನೆರೆಯವರೊಬ್ಬರು ಅವನಿಗೆ ಗಲ್ಫಿನಲ್ಲಿ ಕೆಲಸ ಕೊಡಿಸುತ್ತೇನೆಂದರು. ಪಾಸ್‌ಪೋರ್ಟಿಗೆ ಅದೇ ಸರ್ಟಿಫಿಕೇಟು ಬೇಕು; ಪೊಲೀಸರು ಮನೆಗೂ ವಿಚಾರಣೆಗೆ ಬರುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ಸದಾಶಿವರು ಸಿಕ್ಕಿದರೆ ನನ್ನ ನೌಕರಿ ಹೋಗುತ್ತಿತ್ತು. "ಕೆಲಸ ಖಾಯಂ ಆಗಲಿ" ಎಂದೆ. ಖಾಯಂ ಆದ ಮೇಲೆ "ಮದುವೆ ಒಂದು ಆಗಲಿ" ಎಂದೆ. ನನ್ನ ಮದುವೆಯಾದ ಮೇಲೆ ಅವನು ಮತ್ತೆ ಸರ್ಟಿಫಿಕೇಟು ಕೇಳಲಿಲ್ಲ.

1983ರ ಮಳೆಗಾಲದ ಕೊನೆಗೆ, ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬೋಟು ಮಗುಚಿತು. ಮೂರನೇ ದಿನ ಉಳ್ಳಾಲದ ಕಡಲ ಕರೆಯಲ್ಲಿ ತಮ್ಮನ ಹೆಣ ಸಿಕ್ಕಿತು. ಪಂಚನಾಮೆ, ಅಂದರೆ ಸಾಕ್ಷಿಗಳೆದುರು ಹೆಣದ ವಿವರ ಬರೆಯುವ ಕೆಲಸ, ಅಲ್ಲೇ ಮರಳಿನ ಮೇಲೆ ನಡೆಯಿತು.

"ಬೋಟಿನವರು ತುಕ್ರ ಅಂತಾರೆ. ಹೌದಾ ಮಾರಾಯ್ರೆ? ಸರಿ ಹೇಳಿ, ಮತ್ತೆ ತಿದ್ದಲಿಕ್ಕೆ ಆಗುದಿಲ್ಲ," ಎಂದರು ಕಾನ್‌ಸ್ಟೇಬಲ್.

"ಹೌದು, ತುಕ್ರ."

"ನೀವು ಎಂತ ಆಗ್ಬೇಕು?"

"ನಾನು ತುಕ್ರನ ತಮ್ಮ," ಎಂದೆ. ಸದಾಶಿವ ಎಂದು ಸಹಿ ಹಾಕಿದೆ.

ಹದಿಮೂರನೇ ದಿನ ಉತ್ತರಕ್ರಿಯೆಯ ಬೊಜ್ಜ. ಅಂದು ಸಂಜೆ ಸತ್ತವನನ್ನು ಹೆಸರು ಹಿಡಿದು ಮನೆಯೊಳಗೆ ಕರೆಯಬೇಕು. ಹಾಗೆ ಕರೆದರೇ ಅವನು ಹಿರಿಯರ ಜೊತೆ ಸೇರುತ್ತಾನೆ ಎಂಬುದು ನಮ್ಮ ನಂಬಿಕೆ. ಕರೆಯಲು ಅಮ್ಮ ಎದ್ದಳು. ಅಂಗಳದ ಬೆಂಚಿನಲ್ಲಿ ನಮ್ಮ ಕಚೇರಿಯ ಹೆಡ್‌ಕ್ಲಾರ್ಕ್ ಕುಳಿತಿದ್ದರು.

"ಸದಾಶಿವ ಅನ್ನಬೇಡ. ಬರೇ ಮಗಾ ಅನ್ನು," ಎಂದು ಅವಳ ಕಿವಿಯಲ್ಲಿ ಹೇಳಿದೆ.

"ಹೆಸರು ಹೇಳದಿದ್ದರೆ ಅವ ಬರುದು ಹೇಗೆ?"

"ಅಮ್ಮಾ, ನನ್ನ ನೌಕರಿ."

ಅವಳು ಬಾಗಿಲಲ್ಲಿ ನಿಂತಳು. ಹೊರಗೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮೂರು ಸಲ ಕರೆದಳು: "ತುಕ್ರಾ, ಒಳಗೆ ಬಾ."

ಆಮೇಲೆ ಆರು ವರ್ಷ ಬದುಕಿದ್ದಳು. ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ.

ನಿವೃತ್ತಿಯ ದಿನ ಸದಾಶಿವನ ಪ್ರಾಮಾಣಿಕತೆಯನ್ನು ಹೊಗಳಿ ಶಾಲು ಹೊದಿಸಿದರು. ತಪಾಲಿನ ಕೆಲಸ ನನಗೆ ಕಲಿಸಿದ್ದು ಇಷ್ಟೆ: ಹೆಸರಿನವನು ಸಿಗದಿದ್ದರೆ ಕಾಗದವನ್ನು ಹಿಂದಕ್ಕೆ ಕೊಡಬೇಕು, ಬೇರೆಯವನು ಸಹಿ ಹಾಕಿ ಇಟ್ಟುಕೊಳ್ಳಬಾರದು. ನಾನು ಇಟ್ಟುಕೊಂಡೆ. ಈಗ ಬಾಗಿಲಲ್ಲಿ ನಿಂತು ಸದಾಶಿವ ಎಂದರೆ ನನ್ನನ್ನೇ ನಾನು ಕರೆದಂತಾಗುತ್ತದೆ. ತಮ್ಮ ಹೊರಗೇ ಇದ್ದಾನೆ.