ಖಾಲಿ ಬಿಟ್ಟ ಜಾಗ

ಅಕ್ಕನ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಟೆಂಪೋ ಬಾಗಿಲಿಗೆ ಸಿಕ್ಕಿತ್ತಂತೆ. ಆ ಉಗುರನ್ನೇ ಕಂಪ್ಯೂಟರಿನ ಪರದೆಗೆ ಒತ್ತಿ, ಹಳೆಯ ಪಟ್ಟಿ, ಹೊಸ ಪಟ್ಟಿ ಪಕ್ಕಪಕ್ಕ ಇಟ್ಟು ಸಾಲು ಎಣಿಸುತ್ತಿದ್ದರು. ಯಂತ್ರವೇ ಎಣಿಸುತ್ತದಲ್ಲ ಎಂದರೆ, "ಅದು ಬಂದಿದ್ದನ್ನ ಎಣಿಸುತ್ತೆ, ಬಿಟ್ಟು ಬಂದಿದ್ದನ್ನಲ್ಲ" ಎನ್ನುತ್ತಿದ್ದರು. ತರಕಾರಿ ಭಯ್ಯಾನ ನಿಂಬೆಹಣ್ಣನ್ನೂ ಎರಡು ಸಲ ಎಣಿಸುವವರು. ಒಂದು ಹೆಚ್ಚಿದ್ದರೆ ವಾಪಸು ಕೊಡುತ್ತಿದ್ದರು.

ಫರೀದಾಬಾದಿನ ನಮ್ಮ ಪುಟ್ಟ ಕಂಪನಿಯಲ್ಲಿ ಅವರು ಉಳಿದವರಿಗೆಲ್ಲ ಮೇಡಂ, ಅವರಂತೆಯೇ ಕನ್ನಡದವಳಾದ ನನಗೊಬ್ಬಳಿಗೆ ಅಕ್ಕ. ವೆಬ್‌ಸೈಟುಗಳ ಮಾಹಿತಿಯನ್ನು ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ ಸಾಗಿಸುವುದು ನಮ್ಮ ಕೆಲಸ. ಅಕ್ಕ ಅದನ್ನು ಮನೆ ಬದಲಾಯಿಸೋದು ಎನ್ನುತ್ತಿದ್ದರು. ಅವರ ತಂದೆ ಕೇಂದ್ರ ಸರ್ಕಾರದ ಗುಮಾಸ್ತರು. ದೆಹಲಿಯಲ್ಲಿ ಕ್ವಾರ್ಟರ್ಸ್ ಬದಲಾದಾಗಲೆಲ್ಲ ಗಂಟುಮೂಟೆ ಎಣಿಸುವುದು ಮಗಳ ಪಾಲಿಗಿತ್ತು.

ನಾನು ಸೇರಿದ ವರ್ಷ ದೆಹಲಿಯ ಮುಖರ್ಜಿ ನಗರದ ಹುಡುಗಿಯರ ಹಾಸ್ಟೆಲೊಂದರ ಅರ್ಜಿಗಳನ್ನು ಸಾಗಿಸಿದೆ. ಮರುದಿನ ಹೊಸ ಪಟ್ಟಿ ನೋಡಿಯೇ ಕೋಣೆ ಹಂಚುವವರಿದ್ದರು. ಮುಗಿಯಿತೆಂದು ಬೀಗುತ್ತ ಕೂತಿದ್ದಾಗ ಅಕ್ಕನ ಉಗುರು ಒಂದು ಕಡೆ ನಿಂತಿತು.

"ಒಬ್ಬಳು ಹಿಂದೇನೇ ಉಳಿದಿದ್ದಾಳೆ ನೋಡು."

ಆ ಹುಡುಗಿಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿಯಿತ್ತು. ಅಪೂರ್ಣ ಅರ್ಜಿಯೆಂದು ನನ್ನ ಪ್ರೋಗ್ರಾಮು ಅವಳನ್ನೇ ಕೈಬಿಟ್ಟಿತ್ತು.

"ಅಪ್ಪ ಇಲ್ಲ ಅಂತ ಕಾಣುತ್ತೆ ಅಕ್ಕ. 'ಇಲ್ಲ' ಅಂತ ತುಂಬಿ ಸೇರಿಸ್ಲಾ?"

"ಇಲ್ಲ ಅಂತ ನಿಂಗ್ಯಾರು ಹೇಳಿದ್ರು? ಅವಳು ಬರೆದಿಲ್ಲ, ನಮಗೆ ಗೊತ್ತಿರೋದು ಅಷ್ಟೇ. ಖಾಲಿ ಬಿಟ್ಟಿದ್ದಾಳೆ, ಖಾಲೀನೇ ಹೋಗ್ಲಿ. ಚಲೋ, ಮತ್ತೆ ಶುರು ಮಾಡು."

ದನಿ ಏರಿಸಲಿಲ್ಲ. ಆದರೂ ನನಗೆ ಮುಖ ಎತ್ತಲಾಗಲಿಲ್ಲ. ಗುರುತೇ ಇಲ್ಲದ ಹುಡುಗಿಯೊಬ್ಬಳು ನನ್ನಿಂದಾಗಿ ಪೆಟ್ಟಿಗೆ ಹಿಡಿದು ಹಾಸ್ಟೆಲಿನ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ನ್ಯುಮೋನಿಯಾ, ಒಂಬತ್ತೇ ದಿನ. ಈಚೆಗೆ ನಮ್ಮ ಆಫೀಸಿನದೇ ಸಿಬ್ಬಂದಿ ದಾಖಲೆಗಳನ್ನು ಹೊಸ ಡೇಟಾಬೇಸಿಗೆ ಸಾಗಿಸಬೇಕಾಯಿತು. ಅಕ್ಕನ ಸಾಲಿನಲ್ಲಿ ಪತಿಯ ಹೆಸರಿನ ಜಾಗ ಖಾಲಿ. ಏಳು ವರ್ಷ ಒಂದೇ ಡಬ್ಬಿಯ ಊಟ ಹಂಚಿಕೊಂಡಿದ್ದೆವು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಖಾಲಿ ಬಿಡುವಂತಿಲ್ಲ, 'ಇಲ್ಲ' ಎಂದು ತುಂಬಿಬಿಡಿ ಎಂದರು ಮ್ಯಾನೇಜರು.

ತುಂಬಲಿಲ್ಲ. ಹೊಸ ಡೇಟಾಬೇಸು ಖಾಲಿ ಜಾಗವನ್ನೂ ಒಪ್ಪುವಂತೆ ಒಂದು ಮಧ್ಯಾಹ್ನವೆಲ್ಲ ಕೂತು ಸರಿಪಡಿಸಿದೆ. ಆಮೇಲೆ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು, ಪರದೆಗೆ ಬೆರಳು ಒತ್ತಿ ಎಣಿಸಿದೆ. ಲೆಕ್ಕ ಸರಿಯಿತ್ತು. ಅಕ್ಕನೂ ಬಂದಿದ್ದರು.