ಅತ್ತೆ ಬಿಡಿಸಿಕೊಟ್ಟ ಹತ್ತಿ

ಹತ್ತಿ ನೀರಿನಲ್ಲಿ ಕರಗುವುದಿಲ್ಲ ಎಂಬುದು ಬಟ್ಟೆ ಒಗೆಯುವ ಯಾರಿಗಾದರೂ ಗೊತ್ತು. ಆದರೆ ತಾಮ್ರ, ಅಮೋನಿಯಾ ಸೇರಿದ ಕಡುನೀಲಿ ದ್ರಾವಣದಲ್ಲಿ ಅದು ಸದ್ದಿಲ್ಲದೆ ಕರಗಿಹೋಗುತ್ತದೆ. ಹತ್ತಿಯೆಂದರೆ ಬಹುಪಾಲು ಸೆಲ್ಯುಲೋಸ್. ಅದನ್ನು ತಾಮ್ರ ಹೇಗೆ ಹಿಡಿದುಕೊಳ್ಳುತ್ತದೆಂದು ದ್ರಾವಣದೊಳಗೆ ಬೆಳಕು ಹಾಯಿಸಿ ನೋಡುವುದೇ ನನ್ನ ಪಿಎಚ್.ಡಿ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಕೈಗೆತ್ತಿಕೊಂಡ ಕೆಲಸ. "ಈ ವಯಸ್ಸಿನಾಗೆ ಓದು ಯಾಕ?" ಎಂದವರ ಬಾಯಿ ಮುಚ್ಚಿಸಿದವರು ನಮ್ಮತ್ತೆ.

ಅಂಗಡಿ ಹತ್ತಿಗೆ ಏನೇನು ಬೆರೆಸಿರುತ್ತಾರೋ ಎಂದು ಆನಗೋಡಿನ ನೆಂಟರ ಹೊಲದಿಂದಲೇ ತರಿಸಿದೆ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಅತ್ತೆ ಅದರ ಬೀಜ ತೆಗೆದು, ಎಳೆ ಎಳೆಯಾಗಿ ಬಿಡಿಸಿಕೊಟ್ಟರು. ನಾನು ಸೋಡಾದಲ್ಲಿ ಕುದಿಸಿ, ತೊಳೆದು, ಒಣಗಿಸಿ ಕರಗಿಸಿದೆ. ಬೆಳಕು ಹಾಯಿಸಿ ನೋಡುವ ಯಂತ್ರ ಇದ್ದದ್ದು ಹರಿಹರದ ಕಾಲೇಜಿನಲ್ಲಿ. ಬಸ್ಸಿನಲ್ಲಿ ಸೀಸೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ. ದ್ರಾವಣ ಮಬ್ಬು! ಪರದೆಯ ಮೇಲಿನ ಗೆರೆ ಅಡ್ಡಾದಿಡ್ಡಿ. ಇನ್ನೊಮ್ಮೆ ಮಾಡಿದರೂ ಅದೇ ಹಣೆಬರಹ.

"ಕೊನೇ ಸಲ ನೋಡ್ರಿ. ಆಗಲಿಲ್ಲಾಂದ್ರ ವಿಷಯಾನೇ ಬದಲಿಸಿಬಿಡ್ರಿ" ಎಂದರು ಗೈಡ್. ಅಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ ಎಂದು ಸಿಟ್ಟು ನೆತ್ತಿಗೇರಿತು.

ಮನೆಗೆ ಬಂದರೆ ಅತ್ತೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ವಿಭೂತಿಯ ಬಟ್ಟಲಿಗೆ ಬೆರಳು ಮುಟ್ಟಿಸುವುದು, ಹತ್ತಿ ಎಳೆಯುವುದು.

"ಅತ್ತೆ, ನನ್ನ ಹತ್ತಿಗೂ ವಿಭೂತಿ ಮುಟ್ಟಿಸಿದ್ರೇನ್ರಿ?"

"ಮತ್ತೆ? ಬರೀ ಬೆರಳಿಗೆ ಎಳೆ ಜಾರ್ತೈತೆ. ನಿನ್ನ ಕೆಲಸ ಚೆಂದಾಗಲಿ ಅಂತ ಒಂದು ಚಿಟಿಕೆ ಜಾಸ್ತೀನೇ ಹಚ್ಚೀನಿ!"

ಅಯ್ಯೋ ಶಿವನೇ, ನಗಲೋ ಅಳಲೋ! ಹತ್ತಿ ಕರಗಿದರೂ, ತೊಳೆದಾಗಲೂ ಹೋಗದೆ ಎಳೆಗಂಟಿದ್ದ ಆ ಬೂದಿ ಕರಗದೆ ಬೆಳಕಿಗೆ ಅಡ್ಡ ಬರುತ್ತಿತ್ತು. ತಿಳಿಸಿ ಹೇಳಿದಾಗ ಅತ್ತೆಯ ಮುಖ ಸಣ್ಣಗಾಯಿತು. ಎದ್ದು ಸೋಪು ಹಚ್ಚಿ ಕೈ ತೊಳೆದುಕೊಂಡು, ಉಳಿದ ಹತ್ತಿ ಮುಂದಿಟ್ಟುಕೊಂಡು ಕೂತರು. ನಾನು ಕೈ ಹಾಕಿದರೆ, "ನೀ ಬ್ಯಾಡ, ಹಾಳು ಮಾಡ್ದೋಳು ನಾನು, ನಾನೇ ಮಾಡ್ತೀನಿ." ಬರಿಬೆರಳಲ್ಲಿ ಎಳೆದೆಳೆದು ತುದಿಗಳು ಕೆಂಪಾದವು. ಮರುದಿನ ಚಹಾದ ಲೋಟವನ್ನು ಸೆರಗು ಸುತ್ತಿ ಹಿಡಿದರು.

ಈ ಸಲ ಹರಿಹರದಲ್ಲಿ ದ್ರಾವಣ ತಿಳಿಯಾಗಿತ್ತು. ಗೆರೆ ನಯವಾಗಿ ಎದ್ದು ಇಳಿಯಿತು. ಹತ್ತಿ ಹಾಕದ ಬರೀ ದ್ರಾವಣದ ಗೆರೆಯ ಪಕ್ಕದಲ್ಲಿಟ್ಟರೆ ಅದರ ತುದಿ ಚೂರು ಸರಿದಿತ್ತು. ಅಂದರೆ ತಾಮ್ರ ಸೆಲ್ಯುಲೋಸನ್ನು ಹಿಡಿದುಕೊಂಡಿತ್ತು. "ಮುಂದುವರಿಸ್ರಿ" ಎಂದರು ಗೈಡ್.

ಮನೆಗೆ ಬಂದವಳೇ ಅತ್ತೆಯ ಕಾಲಿಗೆ ಬಗ್ಗಿದೆ. ಅವರು ಪಟಕ್ಕನೆ ಹಿಂದಕ್ಕೆ ಸರಿದರು.

"ಕಾಲೇನ್ ಮಾಡ್ಯಾವೆ? ದುಡಿದಿದ್ದು ಕೈ ಅಲ್ಲೇನು!" ಎಂದು ನಗುತ್ತ ಎರಡೂ ಕೈ ಮುಂದೆ ಚಾಚಿದರು. ನಾನು ಅವನ್ನು ಕಣ್ಣಿಗೊತ್ತಿಕೊಂಡೆ.