ಮಾತು ಬಿಟ್ಟವರ ಕಣ

ಗೋಣಿಬೀಡಿನ ಮಂಜಯ್ಯನಿಗೆ ದೇವರು ಎಲ್ಲವನ್ನೂ ಅಳೆದು ಕೊಟ್ಟು, ಗಂಟಲನ್ನು ಮಾತ್ರ ಅಳತೆ ತಪ್ಪಿ ಕೊಟ್ಟಿದ್ದ. ತೋಟ ಸಣ್ಣದು, ಮನೆ ಸಾಧಾರಣ, ಆಸೆಗಳೂ ಅಷ್ಟಕ್ಕಷ್ಟೆ. ಆದರೆ ಅವನು ತೋಟದ ತಲೆಯಲ್ಲಿ ನಿಂತು ಆಳನ್ನು ಕರೆದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರು ಎದ್ದು ನೋಡುತ್ತಿದ್ದರು. ಗುಟ್ಟು ಹೇಳುವುದು ಅವನಿಗೆ ಬರುತ್ತಲೇ ಇರಲಿಲ್ಲ. ಹೆಣ್ಣು ನೋಡಲು ಹೋದ ದಿನ, ಹುಡುಗಿ ಒಪ್ಪಿಗೆಯೇ ಎಂದು ಅಪ್ಪ ಮೆಲ್ಲಗೆ ಕೇಳಿದ್ದಕ್ಕೆ ಇವನು ಕಿವಿಯಲ್ಲಿ ಕೊಟ್ಟ ಉತ್ತರ ಅಡುಗೆಮನೆಗೂ ಕೇಳಿಸಿತ್ತು. ಸಾವಿತ್ರಮ್ಮ ನಾಚಿಕೊಂಡು ಹಿತ್ತಲಿಗೆ ಓಡಿಹೋಗಿದ್ದಳು. ಆ ಉತ್ತರ ಏನಿತ್ತೆಂದು ಇಬ್ಬರೂ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.

ಅವನಿಗೊಬ್ಬ ತಮ್ಮ, ದೇವಯ್ಯ. ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಅರ್ಧ ಸಾಕಿದ್ದು ಮಂಜಯ್ಯನೇ. ಮಳೆಗಾಲದಲ್ಲಿ ಹಳ್ಳ ಏರಿದರೆ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ದಾಟಿಸುತ್ತಿದ್ದ. ದೊಡ್ಡವರಾದ ಮೇಲೆ ಅಪ್ಪ ತೋಟ ಪಾಲು ಮಾಡಿದರು, ಎದುರುಬದುರು ಎರಡು ಮನೆಯಾಯಿತು. ಆದರೆ ನಡುವಿನ ಕಾಫಿ ಕಣಕ್ಕೆ ಗೆರೆ ಎಳೆಯಲು ಆ ಮುದುಕರಿಗೆ ಮನಸ್ಸು ಬರಲಿಲ್ಲ. ಅಣ್ಣನ ಕಾಫಿ ಈ ಅರ್ಧದಲ್ಲಿ, ತಮ್ಮನದು ಆ ಅರ್ಧದಲ್ಲಿ, ಒಂದೇ ಸಿಮೆಂಟು ನೆಲದ ಮೇಲೆ ಒಣಗುತ್ತಿತ್ತು.

ಕೆಡಿಸಿದ್ದು ಪಂಚಾಯ್ತಿ ಚುನಾವಣೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ ಎನ್ನುತ್ತಾರೆ. ಚಿಹ್ನೆ ಇಲ್ಲ, ಪಕ್ಷ ಧಾರಾಳವಾಗಿ ಇದೆ. ಮಂಜಯ್ಯ ಮೀಸೆ ಬಂದಾಗಿನಿಂದ ಒಂದು ಪಕ್ಷ. ದೇವಯ್ಯ ನಿಂತದ್ದು ಇನ್ನೊಂದು ಪಕ್ಷದವರ ಬೆಂಬಲದಿಂದ. ಊರಿನ ಗಂಟಲು ತಮ್ಮ ಕಡೆಗಿರುವಾಗ ಬಿಡುವವರು ಯಾರು? ಮಂಜಯ್ಯನ ಪಕ್ಷದವರು ಅವನನ್ನು ಬಸ್‌ಸ್ಟ್ಯಾಂಡಿನ ಸಭೆಗೆ ಕರೆದು ಕೈಗೆ ಮೈಕು ಕೊಟ್ಟರು.

"ನನ್ನ ತಮ್ಮ ಒಳ್ಳೇವ್ನೇ," ಎಂದ ಮಂಜಯ್ಯ. "ಆದ್ರೆ ಪೇಟೆಯಿಂದ ಉಪ್ಪು ತಾ ಅಂತ ಕಳಿಸಿದ್ರೆ ಬರಿಗೈಲಿ ಬಂದು, ನಾನು ಯಾಕೆ ಹೋಗಿದ್ದೆ ಅಂತ ನನ್ನನ್ನೇ ಕೇಳೋನು. ಇವ್ನ ಕೈಗೆ ಪಂಚಾಯ್ತಿ ಕೊಡ್ತೀರಾ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವಯ್ಯ ರಸ್ತೆಯ ಆಚೆ ಬದಿಯಲ್ಲಿ ಓಟಿನ ಚೀಟಿ ಹಂಚುತ್ತ ನಿಂತಿದ್ದ. ಅವನು ಸೋತ. ಮಾರನೆಯ ಬೆಳಿಗ್ಗೆಯಿಂದ ಅಣ್ಣನ ಜೊತೆ ಮಾತು ಬಿಟ್ಟ. ಆಡಿದ್ದು ಸುಳ್ಳಲ್ಲವಲ್ಲ, ಮಾತಾಡೋ ಹಕ್ಕು ನನಗಿಲ್ಲವಾ ಎಂದು ಮಂಜಯ್ಯನೂ ಬಿಗಿದುಕೊಂಡ. ಇಂಥ ಹಕ್ಕಿನ ಮಾತು ನಮ್ಮ ಜನಕ್ಕೆ ನೆನಪಾಗುವುದು ಒಡಹುಟ್ಟಿದವರ ಮೇಲೆಯೇ.

ಮಾತು ಬಿಟ್ಟರೂ ಕಣ ಒಂದೇ ಅಲ್ಲವೇ? ಮೋಡ ಕಟ್ಟಿದ್ದು, ದನ ನುಗ್ಗಿದ್ದು ಹೇಳಬೇಕಾಗುತ್ತಿತ್ತು. ಹೆಂಗಸರು ಮೊದಲೇ ಕೈ ಕೊಡವಿದರು. "ನಿಮ್ಮ ಟಪಾಲು ಹೊರೋಕೆ ನಾವಿಲ್ಲ," ಎಂದಳು ಸಾವಿತ್ರಮ್ಮ. ಉಳಿದದ್ದು ಜಾನಿ ನಾಯಿ. ಎರಡೂ ಮನೆಯಲ್ಲಿ ಉಂಡು ಕಣದ ನಡುವೆ ಮಲಗುತ್ತಿದ್ದ ಜಾನಿಗೆ ಅಣ್ಣ ಈಚೆಯಿಂದ, "ಜಾನೀ, ಟಾರ್ಪಾಲು ಎಳೀಬೇಕಂತ ಹೇಳು," ಎನ್ನುವನು. ತಮ್ಮ ಆಚೆಯಿಂದ, "ಜಾನೀ, ನಮಗೂ ಕಣ್ಣಿದೆ ಅಂತ ಹೇಳು," ಎನ್ನುವನು. ಜಾನಿ ಬಾಲ ಅಲ್ಲಾಡಿಸುತ್ತಿತ್ತು. ನಾಲ್ಕು ವರ್ಷ ಹೀಗೇ ನಡೆಯಿತು. ಮಂಜಯ್ಯ ಯಾರಿಗೂ ಹೇಳಿರಲಿಲ್ಲ, ಆದರೆ ಸಂಜೆಯಾದರೆ ಸಾಕು, ಜಾನಿಗೆ ಹೇಳುವುದಕ್ಕೆ ಏನಾದರೊಂದು ನೆಪ ಹುಡುಕುತ್ತಿದ್ದ.

ಕಳೆದ ದೀಪಾವಳಿಗೆ ಮುಂಚೆ ಜಾನಿ ಸತ್ತಿತು. ವಾರ ಕಳೆಯುವುದರೊಳಗೆ ದೇವಯ್ಯ ಒಂದು ಪಿಕಪ್ ತುಂಬ ಸಿಮೆಂಟು ಬ್ಲಾಕು ತರಿಸಿ ಕಣದ ಅಂಚಿನಲ್ಲಿ ಪೇರಿಸಿದ. ಕುಯ್ಲು ಮುಗಿದ ಮೇಲೆ ಕಣದ ಮಧ್ಯೆ ಗೋಡೆ ಏಳುತ್ತದೆ ಎಂದು ಸಾವಿತ್ರಮ್ಮನೇ ಸುದ್ದಿ ತಂದಳು. ಮಂಜಯ್ಯ ಆ ದಿನ ಅರ್ಧ ಊಟಕ್ಕೇ ಎದ್ದು ಹೋಗಿ ಜಗಲಿಯಿಂದ ಆ ಬ್ಲಾಕುಗಳನ್ನು ಎಣಿಸಿದ. ಗೋಡೆ ಎದ್ದರೆ ತಮ್ಮನ ಮುಖವೂ ಕಾಣುವುದಿಲ್ಲ. ಬೇಡ ಎಂದು ಹೇಳಬೇಕು. ಆದರೆ ಯಾರ ಹತ್ತಿರ ಹೇಳುವುದು?

ಅಷ್ಟರಲ್ಲಿ ಅಮೆರಿಕಾದವನು ಬಂದ. ಮಂಜಯ್ಯನ ಮಗಳು ಮೇಘಶ್ರೀ ಮೂಡಿಗೆರೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಮನೆಯ ಪಕ್ಕದ ಎರಡು ಕೋಣೆಗೆ ಸುಣ್ಣ ಬಳಿಸಿ ಹೋಂಸ್ಟೇ ಮಾಡಿದವಳೂ ಅವಳೇ. ಅಲ್ಲಿಗೆ ಜನವರಿಯಲ್ಲಿ ಹಕ್ಕಿ ನೋಡಲು ರಾಲ್ಫ್ ಎಂಬ ನಿವೃತ್ತ ಮೇಷ್ಟ್ರು ಬಂದ. ಉದ್ದನೆಯ, ಬಿಳಿ ಗಡ್ಡದ, ಯಾರಿಗೂ ತೊಂದರೆ ಕೊಡದ ಮನುಷ್ಯ. ಸಾವಿತ್ರಮ್ಮನ ಬಾಯಲ್ಲಿ ಎರಡೇ ದಿನಕ್ಕೆ ರಾಲಪ್ಪನಾದ. ಕಡುಬು, ಕೋಳಿ ಸಾರು ಕೊಟ್ಟರೆ ಮೂಗು ಒರೆಸಿಕೊಳ್ಳುತ್ತ ತಿಂದು ಇನ್ನೊಂದು ಹಾಕಿಸಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಕಾಲವಲ್ಲದ ಕಾಲದಲ್ಲಿ ಮೋಡ ಕಪ್ಪಿಟ್ಟಿತು. ಕಣದ ತುಂಬ ಕಾಫಿ. ದೇವಯ್ಯ ಆಚೆ ಜಗಲಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಮಂಜಯ್ಯ ತನ್ನ ಟಾರ್ಪಾಲು ಎಳೆಯುತ್ತ ಅತ್ತ ಇತ್ತ ನೋಡಿದ. ಬ್ಲಾಕುಗಳ ಮೇಲೆ ರಾಲಪ್ಪ ದುರ್ಬೀನು ಹಿಡಿದು ಕೂತಿದ್ದ.

"ಏ ರಾಲಪ್ಪಾ! ಮಳೆ ಬಂತು ಮಾರಾಯ! ಮಲಗಿರೋರಿಗೆ ಸ್ವಲ್ಪ ಹೇಳು!"

ರಾಲಪ್ಪ ಬೆದರಿ ದುರ್ಬೀನು ಬೀಳಿಸಿದ. ದೇವಯ್ಯ ದಡಬಡಿಸಿ ಎದ್ದು, ಪಂಚೆ ಕಟ್ಟಿಕೊಳ್ಳುತ್ತ ಓಡಿಬಂದು ಟಾರ್ಪಾಲು ಎಳೆದ. ಮೊದಲ ಹನಿ ಬೀಳುವ ಹೊತ್ತಿಗೆ ಎರಡು ಅರ್ಧವೂ ಮುಚ್ಚಿತ್ತು. ಏದುಸಿರು ಬಿಡುತ್ತ ಅವನೂ ರಾಲಪ್ಪನ ಕಡೆಗೇ ತಿರುಗಿದ.

"ಹೇಳಿದ್ದು ಕೇಳಿಸ್ತು ಅಂತ ಹೇಳಿ. ಅಷ್ಟು ಕಿರಿಚೋದು ಬೇಡ ಅಂತ್ಲೂ ಹೇಳಿ."

ಒಂದು ಅಕ್ಷರವೂ ತಿಳಿಯದೆ ರಾಲಪ್ಪ ಇಬ್ಬರಿಗೂ ತಲೆಯಾಡಿಸಿದ. ಮಂಜಯ್ಯನಿಗೆ ಎಷ್ಟು ಸಂತೋಷವಾಯಿತೆಂದರೆ, ಮಳೆಯಲ್ಲೇ ನಿಂತುಬಿಟ್ಟ.

ಅಂದಿನಿಂದ ರಾಲಪ್ಪನಿಗೆ ಕೆಲಸ ಖಾಯಂ ಆಯಿತು. ಪಂಪು ನೀರು ಎತ್ತುತ್ತಿಲ್ಲ ಎಂದು ಹೇಳು ರಾಲಪ್ಪ. ಮಂಗ ಬಂದಿದೆ ಎಂದು ಹೇಳಿ ರಾಲಪ್ಪನವರೇ. ಕೊನೆಗೆ ಅವನು ಮೇಘಶ್ರೀಯನ್ನು ಕೇಳಿದ, ಇವರು ದಿನಾ ನನಗೆ ಏನು ಹೇಳುತ್ತಾರೆ, ನಾನೇನಾದರೂ ತಪ್ಪು ಮಾಡುತ್ತಿದ್ದೇನೆಯೇ ಎಂದು. ಅವಳು ಮುಖ ಕೆಂಪಗೆ ಮಾಡಿಕೊಂಡು ಚುನಾವಣೆ, ಮೈಕು, ಜಾನಿ ಎಲ್ಲ ಹೇಳಿದಳು. ರಾಲಪ್ಪ ಮೊದಲು ಗಟ್ಟಿಯಾಗಿ ನಕ್ಕ. ನಗುತ್ತ ನಗುತ್ತ ಕಣ್ಣಲ್ಲಿ ನೀರು ತಂದುಕೊಂಡ.

ಆ ಸಂಜೆ ಮನೆಯವರೆಲ್ಲ ಕೂತಿದ್ದಾಗ ತನ್ನ ಕಥೆ ಹೇಳಿದ. ಅವನಿಗೂ ಒಬ್ಬಳು ಅಕ್ಕನಿದ್ದಳು, ಕ್ಯಾರಲ್. ಅವರ ಸಣ್ಣ ಊರಿನಲ್ಲಿ ಬೇಕರಿ ಇಟ್ಟವಳು. ಶಾಲೆಯ ಲೈಬ್ರರಿಯಿಂದ ಕೆಲವು ಪುಸ್ತಕ ತೆಗೆಯಬೇಕೆಂದು ಅಲ್ಲಿ ಒಂದು ಗುಂಪು ಎದ್ದಿತು, ಕೂಡದೆಂದು ಇನ್ನೊಂದು. ಆಮೇಲೆ ದೊಡ್ಡ ಚುನಾವಣೆಯ ಜಗಳವೂ ಅದಕ್ಕೆ ಬಂದು ಸೇರಿತು. ಪ್ರತಿ ಶನಿವಾರ ಕೋರ್ಟಿನ ಮುಂದಿನ ರಸ್ತೆಯ ಒಂದು ಬದಿ ಇವರು, ಇನ್ನೊಂದು ಬದಿ ಅವರು, ಕೈಯಲ್ಲಿ ಬೋರ್ಡು ಹಿಡಿದು ಕೂಗುವುದು. ರಾಲಪ್ಪ ಈ ಬದಿ, ಅಕ್ಕ ಆ ಬದಿ. ಒಂದು ಶನಿವಾರ ಅವನು ಕೈಮೈಕು ಹಿಡಿದು, ಹೈಸ್ಕೂಲು ಬಿಟ್ಟ ಮೇಲೆ ಒಂದು ಪುಸ್ತಕವನ್ನೂ ಪೂರ್ತಿ ಓದದ ನನ್ನ ಅಕ್ಕ ಪುಸ್ತಕಗಳ ಭವಿಷ್ಯ ತೀರ್ಮಾನಿಸುತ್ತಿದ್ದಾಳೆ ಎಂದ. ಯಾರೋ ವಿಡಿಯೋ ಮಾಡಿದರು. ಇಡೀ ಜಿಲ್ಲೆ ನೋಡಿ ನಕ್ಕಿತು. ಅರ್ಧ ಊರು ಕ್ಯಾರಲ್‌ಳ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುವುದು ನಿಲ್ಲಿಸಿತು. ಉಳಿದರ್ಧ ಊರು ಹಟಕ್ಕೆ ಬಿದ್ದು ಎರಡರಷ್ಟು ಕೊಂಡಿತು.

"ಅಯ್ಯೋ, ಬ್ರೆಡ್ಡಿಗೂ ಪಕ್ಷ ಬಂತಾ!" ಎಂದಳು ಸಾವಿತ್ರಮ್ಮ.

ನಮ್ಮ ದೇಶದಲ್ಲಿ ಯಾರ ಬಾಯನ್ನೂ ಸರ್ಕಾರ ಮುಚ್ಚಿಸುವಂತಿಲ್ಲ, ಅದನ್ನೇ ಜೀವಮಾನವಿಡೀ ಮಕ್ಕಳಿಗೆ ಕಲಿಸಿದೆ, ಈಗಲೂ ಅದೇ ನನ್ನ ನಂಬಿಕೆ ಎಂದ ರಾಲಪ್ಪ. ಆದರೆ ಅಕ್ಕ ಎರಡು ವರ್ಷದಿಂದ ಫೋನು ಎತ್ತಿಲ್ಲ. ಮೇಘಶ್ರೀ ಇದನ್ನೆಲ್ಲ ಕನ್ನಡದಲ್ಲಿ ಹೇಳುವಾಗ ಮಂಜಯ್ಯ ಅವನ ಪಕ್ಷ ಯಾವುದೆಂದು ಕೇಳಲಿಲ್ಲ. ಮನೆಯವರ ಮುಂದೆಯೇ ಅವನ ಪಕ್ಕಕ್ಕೆ ಹೋಗಿ, ಭುಜದ ಮೇಲೆ ಕೈ ಹಾಕಿ ಕೂತುಕೊಂಡ. ಗಂಟಲು ದೊಡ್ಡದಾದವರ ಕಷ್ಟ ಅವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ಆ ರಾತ್ರಿ ರಾಲಪ್ಪ ಏನು ಯೋಚಿಸಿದನೋ. ಬೆಳಿಗ್ಗೆ ಫೋನನ್ನು ಮೇಘಶ್ರೀಯ ಕೈಗೆ ಕೊಟ್ಟು, ಮಂಜಯ್ಯನನ್ನು ಕಣದಲ್ಲಿ ಎದುರು ನಿಲ್ಲಿಸಿಕೊಂಡ. ಫೋನಿನ ಕಡೆ ನೋಡದೆ ಮಂಜಯ್ಯನ ಮುಖ ನೋಡುತ್ತ ಇಂಗ್ಲಿಷಿನಲ್ಲಿ ಹೇಳತೊಡಗಿದ. ಮಂಜಯ್ಯಾ, ಕ್ಯಾರಲ್‌ಗೆ ಹೇಳು, ಇಲ್ಲಿನ ರೊಟ್ಟಿ ಚೆನ್ನಾಗಿದೆ, ಆದರೆ ಅವಳ ಬ್ರೆಡ್ಡು ನೆನಪಾಗುತ್ತದೆ. ಪುಸ್ತಕದ ವಿಷಯದಲ್ಲಿ ನಾನು ಈಗಲೂ ಒಪ್ಪುವುದಿಲ್ಲ ಎಂದು ಹೇಳು. ಅವಳಿಗೆ ಫೋನು ಮಾಡಿ ಮಾಡಿ ಸಾಕಾಗಿದೆ ಎಂದೂ ಹೇಳು. ಅರ್ಥವಾಗದಿದ್ದರೂ ಮಂಜಯ್ಯ ಗಂಭೀರವಾಗಿ, "ಆಯ್ತು ಮಾರಾಯ, ಹೇಳ್ತೀನಿ," ಎಂದ. ವಿಡಿಯೋ ಅಮೆರಿಕಾಕ್ಕೆ ಹೋಯಿತು.

ಉತ್ತರ ಬರಲಿಲ್ಲ. ರಾಲಪ್ಪ ದಿನಕ್ಕೆ ಹತ್ತು ಸಲ ಫೋನು ನೋಡುವನು, ಅವನು ನೋಡಿದಾಗೆಲ್ಲ ಮಂಜಯ್ಯನೂ ಇಣುಕುವನು. ಕಡೆಗೆ ಅವನು ಹೊರಡುವ ದಿನವೇ ಬಂತು. ಭಾನುವಾರ. ಚಿಕ್ಕಮಗಳೂರಿಗೆ ಕರೆದೊಯ್ಯುವ ಜೀಪು ಅಂಗಳದಲ್ಲಿ ನಿಂತಿತ್ತು. ದೇವಯ್ಯ ತನ್ನ ಅರ್ಧದಲ್ಲಿ ಕಾಫಿ ತಿರುವುತ್ತಿದ್ದ. ಆಗ ಫೋನು ಸದ್ದು ಮಾಡಿತು.

ವಿಡಿಯೋದಲ್ಲಿ ಕ್ಯಾರಲ್, ಹಿಟ್ಟು ಮೆತ್ತಿದ ಏಪ್ರನ್ ತೊಟ್ಟ ದಪ್ಪನೆಯ ಹೆಂಗಸು. ತಮ್ಮನ ಹೆಸರು ಹಿಡಿದು ಕರೆಯಲೇ ಇಲ್ಲ. ಮೀಸೆಯ ಯಜಮಾನರೇ ಎಂದು ಮಂಜಯ್ಯನಿಗೇ ಹೇಳತೊಡಗಿದಳು. ಮೇಘಶ್ರೀ ಕನ್ನಡ ಮಾಡುತ್ತ ಹೋದಳು. ಅವಳದೂ ಅಪ್ಪನ ಗಂಟಲೇ, ಕಣದ ಆ ತುದಿಯವರೆಗೂ ಕೇಳುತ್ತಿತ್ತು.

"ಮೀಸೆಯವರೇ, ನಿಮ್ಮ ಹತ್ರ ನಿಂತಿದಾನಲ್ಲ, ಅವ್ನಿಗೆ ಹೇಳಿ. ನಾನು ಪುಸ್ತಕ ಓದಿಲ್ಲ, ನಿಜ. ಅಪ್ಪನಿಗೆ ಕಾಯಿಲೆಯಾದಾಗ ಬೆಳಗಿನ ಜಾವ ಎದ್ದು ಹಿಟ್ಟು ನಾದ್ತಿದ್ದೆ, ಓದೋಕೆ ಪುರುಸೊತ್ತು ಎಲ್ಲಿತ್ತು? ಅವ್ನು ಓದಲಿ ಅಂತಾನೇ ನಾದಿದ್ದು. ಅವ್ನು ಕೂಗಿದ್ದಕ್ಕೆ ನನಗೆ ಸಿಟ್ಟಿಲ್ಲ, ನಾನೂ ಕೂಗಿದೀನಿ. ಆದ್ರೆ ನಾನು ರಸ್ತೆಯ ಆಚೆಗೇ ಇದ್ದೆನಲ್ಲ. ಊರಿಗೆಲ್ಲ ಹೇಳೋ ಬದ್ಲು ದಾಟಿ ಬಂದು ನನಗೇ ಹೇಳಬಹುದಿತ್ತಲ್ಲ? ಬರೋವಾಗ ಬೇಕರಿ ಹಿಂದಿನ ಬಾಗಿಲಲ್ಲಿ ಬಾ ಅಂತ ಹೇಳಿ."

ರಾಲಪ್ಪ ಜೀಪಿನ ಬಾಗಿಲು ಹಿಡಿದುಕೊಂಡು ಮಗುವಿನಂತೆ ಅತ್ತ. ಸಾವಿತ್ರಮ್ಮ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡು, ಅವನ ಕೈಗೆ ಕಾಫಿಪುಡಿಯ ಪೊಟ್ಟಣ ತುರುಕಿದಳು, ಒಂದು ಅವನಿಗೆ, ಒಂದು ಅಕ್ಕನಿಗೆ. ಅವನನ್ನು ಬಿಟ್ಟುಬರಲು ಮೇಘಶ್ರೀಯೂ ಜೀಪು ಹತ್ತಿದಳು. ಜೀಪು ತಿರುವು ದಾಟಿ ಮರೆಯಾಯಿತು. ಸಾವಿತ್ರಮ್ಮ ಒಳಗೆ ಹೋದಳು.

ಕಣದಲ್ಲಿ ಅಣ್ಣ ತಮ್ಮ ಇಬ್ಬರೇ ಉಳಿದರು.

ಕುಯ್ಲು ಮುಗಿಯುತ್ತ ಬಂದಿತ್ತು. ಗೋಡೆ ಕಟ್ಟುವ ಮೇಸ್ತ್ರಿ ಮಾರನೆಯ ದಿನ ಬರುತ್ತಾನೆಂದು ಮಂಜಯ್ಯನಿಗೆ ಗೊತ್ತಿತ್ತು. ಹೇಳುವುದಿದ್ದರೆ ಈಗಲೇ ಹೇಳಬೇಕು. ಅವನು ಬ್ಲಾಕುಗಳ ಕಡೆ ನೋಡಿದ, ಅಲ್ಲಿ ಯಾರೂ ಇಲ್ಲ. ಜಗಲಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಒಂದು ಕೋಳಿಯಾದರೂ ಇರಬಾರದೇ ಎನ್ನಿಸಿತು.

"ಯಾರನ್ನ ಹುಡುಕ್ತಿದೀಯಣ್ಣ?"

ಮಂಜಯ್ಯ ಬೆಚ್ಚಿಬಿದ್ದ. ದೇವಯ್ಯ ಕಾಫಿ ತಿರುವುವುದನ್ನು ನಿಲ್ಲಿಸಿ ನೇರವಾಗಿ ಅವನ ಮುಖವನ್ನೇ ನೋಡುತ್ತಿದ್ದ. ತಮ್ಮನ ಕೂದಲು ಪೂರ್ತಿ ನರೆತಿರುವುದನ್ನು ಮಂಜಯ್ಯ ಅಂದೇ ಸರಿಯಾಗಿ ಕಂಡದ್ದು.

"ಅವತ್ತೂ ಹಿಂಗೇ ಮಾಡ್ದೆ ನೀನು," ಎಂದ ದೇವಯ್ಯ. "ನಾನು ಪಂಚಾಯ್ತಿಗೆ ಲಾಯಕ್ಕಿಲ್ಲ ಅಂತ ಇದ್ರೆ ಮನೇಲಿ ಕೂರಿಸ್ಕೊಂಡು ಹೇಳ್ಬೇಕಿತ್ತು. ನಿನ್ನ ಮಾತು ಯಾವತ್ತು ಮೀರಿದ್ದೆ ನಾನು? ನಾಮಿನೇಷನ್ನೇ ಹಾಕ್ತಿರ್ಲಿಲ್ಲ. ಊರಿಗೆಲ್ಲ ಹೇಳ್ದೆ. ನನಗೊಬ್ಬನಿಗೆ ಹೇಳ್ಲಿಲ್ಲ."

ಊರೆಲ್ಲ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ ಕಾಫಿಯನ್ನು ತುಳಿದುಕೊಂಡೇ ಕಣ ದಾಟಿ ಹೋಗಿ ತಮ್ಮನ ಎದುರು ನಿಂತ. ಆಡಿದ ಮಾತು ಅಡುಗೆಮನೆಯಲ್ಲಿದ್ದ ಸಾವಿತ್ರಮ್ಮನಿಗೂ ಕೇಳಿಸಲಿಲ್ಲ.

"ಗೋಡೆ ಕಟ್ಬೇಡ ಕಣೋ ದೇವೂ."

"ಯಾರಿಗೆ ಹೇಳ್ತಿರೋದು?"

"ನಿನಗೇ ಕಣೋ," ಎಂದ ಮಂಜಯ್ಯ. "ನಿನಗೇ."